ಹನೋಕ ಮಾಸ್ತರರ ಎರಡು ಪೆನ್ಸಿಲು

ಬೆಟಗೇರಿಯ ಹಳೇ ಮಿಷನ್ ಕಂಪೌಂಡಿನ ಹಿಂದೆ
ಹಂಚಿನ ಮನೆಯ ಪಡಸಾಲೆಯಲ್ಲಿ
ಹನೋಕ ಮಾಸ್ತರರು ನನಗೆ ಹೀಬ್ರೂ ಕಲಿಸಿದರು,
ಸಂಜೆ ಐದಕ್ಕೆ,
ನಳದ ನೀರು ಬಾರದ ದಿನ ಮಾತ್ರ.

ಬಲದಿಂದ ಎಡಕ್ಕೆ ಓದಬೇಕು.
ಕೊಂಬಿಲ್ಲ, ಗುಡಿಸಿಲ್ಲ, ಏತ್ವವಿಲ್ಲ; ಬರೀ ಎಲುಬು.
‘ಕ, ಡ ಅಂತ ಬರದಾರ ಅಂತ ತಿಳಿ.
ಕಾಡೋ, ಕೇಡೋ, ಕೂಡೋ, ಕೊಡವೋ?
ಸ್ವರ ಓದಾವರ ಬಾಯಾಗ ಇರತೈತಿ, ತಂಗಿ.
ಅದಕ್ಕ ಬಾಯಿ ತೊಳಕೊಂಡು ಕೂಡು.’

ಮೇಜಿನ ಮೇಲೆ ಎರಡು ಪೆನ್ಸಿಲು,
ಒಂದು ಕೆಂಪು, ಒಂದು ನೀಲಿ.
ಪ್ರಳಯದ ಕಥೆ ತೆಗೆದರೆ
ಈ ಸಾಲಿನಡಿ ಕೆಂಪು, ಅದರ ಬೆನ್ನಿಗೇ ನೀಲಿ.
ಒಂದು ಕಡೆ ಪ್ರಾಣಿಗಳು ಜೋಡಿ ಜೋಡಿ,
ಇನ್ನೊಂದು ಕಡೆ ಶುದ್ಧವಾದವು ಏಳೇಳು ಜೋಡಿ;
ಇಲ್ಲಿ ನಲವತ್ತು ದಿನದ ಮಳೆ,
ಅಲ್ಲಿ ನೂರೈವತ್ತು ದಿನ ಜಗ್ಗದ ನೀರು;
ಒಬ್ಬರ ದೇವರು ಮನಸ್ಸು ನೊಂದುಕೊಳ್ಳುತ್ತಾನೆ,
ಇನ್ನೊಬ್ಬರ ದೇವರು ಗಿರಣಿ ಮುಕಾದಮನ ಹಾಗೆ
ಉದ್ದ ಅಗಲ ಎತ್ತರ ಬರೆಸುತ್ತಾನೆ.
‘ಇಬ್ಬರು ಹೇಳ್ಯಾರ,
ಮೂರನೇದಾಂವ ಹೆಣದಾನ.
ಮೂವರಿಗೂ ಹೆಸರಿಲ್ಲ.’

ನನಗೆ ಸಿಟ್ಟು. ಹೆಣೆಯುವವನಿಗೆ ಕಣ್ಣಿರಲಿಲ್ಲವೇ?
ಒಂದನ್ನು ಹರಿದು ಒಗೆಯಬಾರದಿತ್ತೇ?

ಮಾಸ್ತರರು ಉತ್ತರ ಕೊಡಲಿಲ್ಲ.
ಚಪ್ಪಲಿ ಮೆಟ್ಟಿ, ಎರಡು ಓಣಿ ದಾಟಿಸಿ
ನಾಗೂಸಾರ ಮಗ್ಗದ ಮನೆಗೆ ಕರೆದೊಯ್ದರು.
ತುಳಜಾಬಾಯಿ ಕೂತಿದ್ದಳು,
ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು
ಒಂದೊಂದಾಗಿ ಕೊಂಡಿ ಹಾಕುತ್ತ.
‘ಯಾವುದು ಚಲೋ ಬಾಯಿ, ಒಡಲೋ ಸೆರಗೋ?’
ಅವಳು ತಲೆ ಎತ್ತಲಿಲ್ಲ.
‘ಎಳಿ ತಪ್ಪತಾವ, ಮಾತಾಡಸಬ್ಯಾಡ್ರಿ.’

ವಾಪಸು ಬರುವಾಗ ಅಂದರು:
‘ಹೆಣದಾಂವ ತನ್ನ ಮುಚ್ಚಿಟಗೊಂತಾನ.
ಆದ್ರೂ ಎಲ್ಲ್ಯೋ ಒಂದು ಸಾಲು ತನ್ನದು ಇಟ್ಟಿರತಾನ,
ಕೆಂಪಿಗೂ ಸೇರಂಗಿಲ್ಲ, ನೀಲಿಗೂ ಸೇರಂಗಿಲ್ಲ.
ಅದನ್ನ ಹುಡುಕು.’

ಹುಡುಕಿದೆ. ಕಾಗೆಯೇ ಇರಬೇಕು ಅಂದೆ ಒಮ್ಮೆ.
ಪಾರಿವಾಳ ಎಲೆ ತಂದು ಹೆಸರು ಮಾಡಿತು;
ಕಾಗೆ ಹೋಯಿತು, ಬಂತು, ಹೋಯಿತು, ಬಂತು,
ಏನು ಕಂಡೆ ಎಂದು ಯಾರೂ ಕೇಳಲಿಲ್ಲ.
‘ಅದರ ಮ್ಯಾಲೂ ಪಂಡಿತರು ಜಗಳಾಡ್ಯಾರ,’
ಮಾಸ್ತರರು ನಕ್ಕರು. ‘ಚಾ ಕುಡಿ.’

ಅವರು ಹೋಗಿ ತಿಂಗಳಾದ ಮೇಲೆ
ಹೆಂಡತಿ ಪ್ರಿಸ್ಕಿಲ್ಲವ್ವ ನನ್ನನ್ನು ಕರೆಸಿ
ಮನೆತನದ ದೊಡ್ಡ ಪುಸ್ತಕ ತೆರೆದರು.
ಮೊದಲ ಹಾಳೆಯಲ್ಲಿ, ಹುಟ್ಟು ಸಾವುಗಳ ಕೆಳಗೆ,
ಮಾಸ್ತರರ ದುಂಡನೆಯ ಅಕ್ಷರ:

*ಅವ್ವ ಪ್ಲೇಗಿನ ವರ್ಷ ಗಂಡನ್ನ ಮಣ್ಣು ಮಾಡಿ ಈ ಊರಿಗೆ ಬಂದಳು.
ಅವ್ವ ಗಂಡನ್ನ ಬಿಟ್ಟು ಬಂದಳು.
ಬಗಲಾಗ ಬುಟ್ಟಿ, ಬುಟ್ಟಿಯೊಳಗ ನಾನು.
ಬರೂವಾಗ ಒಬ್ಬಾಕೀನ; ನಾನು ಇಲ್ಲೇ ಹುಟ್ಟಿದೆ.
ಮಿಷನ್ ಬಾಗಿಲು ಬಡದಳು.
ಬಾಗಿಲು ತೆರದs ಇತ್ತು.
ಆ ದಿನ ಗಾಳಿ ಭಾಳ ಇತ್ತು, ಅವ್ವನ ಸೆರಗು ನಿಲ್ಲವಲ್ಲದು.*

ಒಂದೇ ಮಸಿ. ಒಂದೇ ಉಸಿರು.
ಕೆಳಗೆ ಕೆಂಪಿಲ್ಲ, ನೀಲಿಯಿಲ್ಲ.

‘ಒಂದು ಅವರ ದೊಡ್ಡವ್ವ ಹೇಳಿದ್ದು,
ಒಂದು ನೆರಿಮನಿಯಾಕಿ. ಅವ್ವ ಏನೂ ಹೇಳಲಿಲ್ಲ.
ಯಾವುದು ಖರೇ ಅಂತ ನಾ ಒಮ್ಮೆ ಕೇಳಿದ್ದಕ್ಕ
ಎಂಟು ದಿನ ನನ್ನ ಕೂಡ ಮಾತು ಬಿಟ್ಟಿದ್ದರು.’

ಮುದುಕಿ ಒಳಗೆ ಹೋದಾಗ
ಮೇಜಿನ ಖಾನೆಯಿಂದ ಪೆನ್ಸಿಲು ತೆಗೆದೆ.
ತಪ್ಪೆಂದು ಗೊತ್ತಿತ್ತು. ಕಲಿಸಿದವರೇ ಅವರು.
ಹಾಳೆಗೆ ಮುಟ್ಟಿಸದೆ, ಗಾಳಿಯಲ್ಲೇ ಗೆರೆ ಎಳೆಯುತ್ತ ಬಂದೆ:
ಪ್ಲೇಗಿಗೆ ಕೆಂಪು, ಬಿಟ್ಟು ಬಂದದ್ದಕ್ಕೆ ನೀಲಿ,
ಬುಟ್ಟಿಗೆ ಕೆಂಪು, ಒಬ್ಬಾಕಿಗೆ ನೀಲಿ,
ಬಡಿದ ಬಾಗಿಲು, ತೆರೆದ ಬಾಗಿಲು.

ಕಡೆಯ ಸಾಲಿಗೆ ಬಂದು ಕೈ ನಿಂತಿತು.
ದೊಡ್ಡವ್ವ ಕಂಡಿರಲಿಲ್ಲ. ನೆರೆಮನೆಯವಳು ಕಂಡಿರಲಿಲ್ಲ.
ಬುಟ್ಟಿಯ ಕೂಸಿಗೆ ಕಾಣುವುದಲ್ಲ,
ಹುಟ್ಟದ ಕೂಸಿಗಂತೂ ಇಲ್ಲ.

ಎರಡೂ ಪೆನ್ಸಿಲು ಖಾನೆಗೆ ಹಾಕಿ
ಬೆರಳಿಟ್ಟು ಓದಿದೆ, ಎಡದಿಂದ ಬಲಕ್ಕೆ, ಕೊಂಬು ಗುಡಿಸು ಸಮೇತ:
ಆ ದಿನ ಗಾಳಿ ಭಾಳ ಇತ್ತು,
ಅವ್ವನ ಸೆರಗು ನಿಲ್ಲವಲ್ಲದು.